ಎರಡು ಸೇರು ತುಪ್ಪ

ಕೂಸೇ,

ನಿನ್ನೆ ರಾತ್ರಿ ಎಂಟೂವರೆಗೆ ಮನೆ ಸೇರಿದೆ. ಶಿರಸಿಯಲ್ಲಿ ಬಸ್ ಬದಲಿಸುವಾಗ ನಿನಗೆ ಫೋನ್ ಮಾಡಬೇಕೆಂದು ಮೊಬೈಲ್ ಕೈಗೆತ್ತಿಕೊಂಡವನು ಹಾಗೆಯೇ ಜೇಬಿಗೆ ಹಾಕಿಕೊಂಡೆ. ನಾನು ಹೊರಡುವಾಗ ನೀನು ಕೋಣೆಯಿಂದ ಹೊರಗೆ ಬರಲಿಲ್ಲ. ಬಾಣಂತಿಗೆ ಗಾಳಿ ತಾಗಬಾರದು ಎಂದು ನಿನ್ನ ಅತ್ತೆ ನನಗೆ ಸಮಾಧಾನ ಹೇಳಿದರು. ನೀನು ಗೋಡೆಯ ಕಡೆ ತಿರುಗಿ ಮಲಗಿದ್ದನ್ನು ನಾನು ನೋಡಿದ್ದೆ.

ಆ ಲಕೋಟೆಯಲ್ಲಿ 25,000 ರೂಪಾಯಿ ಇತ್ತು. ಚೊಚ್ಚಲ ಬಾಣಂತನ ತವರಿನದು. ಇಲ್ಲಿ ಮಾಡುವವರಿಲ್ಲವೆಂದು ನಿನ್ನ ಅತ್ತೆ ಮಾವ ತಾವಾಗಿಯೇ ಅದನ್ನು ಹೊತ್ತುಕೊಂಡರು. ಖರ್ಚನ್ನಾದರೂ ನಾನು ಕೊಡಬೇಕಲ್ಲ ಎಂದು ಅಡಿಕೆಯ ದುಡ್ಡಿನಲ್ಲಿ ತೆಗೆದಿಟ್ಟಿದ್ದೆ. ನಿನ್ನ ಮಾವ ಬಿಚ್ಚಿಯೂ ನೋಡದೆ ಅದನ್ನು ನನ್ನ ಅಂಗಿಯ ಜೇಬಿಗೇ ಹಾಕಿ, "ಬೀಗರೇ, ಚಹಾ ಆರುತ್ತದೆ" ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ನಾನು ಮತ್ತೆ ತೆಗೆದು ದೇವರ ಮುಂದೆ ಇಡಲು ಹೋದೆ. "ಅಪ್ಪಯ್ಯ, ಇದೇನು ಆಸ್ಪತ್ರೆಯೇ, ಬಿಲ್ಲು ಕಟ್ಟಿ ಹೋಗುವುದಕ್ಕೆ?" ಎಂದು ನೀನು ಕೇಳಿದ್ದು ನ್ಯಾಯವೇ. ತಪ್ಪಾಯಿತು. ಆದರೆ ಯಾಕೆ ಹಾಗೆ ಮಾಡಿದೆ ಎಂಬುದನ್ನು ಹೇಳದೆ ಇರಲಾರೆ. ಅಮ್ಮ ನಿನಗೆ ಹೇಳಿರಲಿಕ್ಕಿಲ್ಲ. ಅವಳು ಹೇಳುವವಳಲ್ಲ.

1994. ನೀನು ಮೂರು ತಿಂಗಳ ಮಗು. ಸಿದ್ದಾಪುರದ ಅಜ್ಜ ನಿಮ್ಮಿಬ್ಬರನ್ನು ಬಿಟ್ಟುಹೋಗಲು ಬಂದಿದ್ದರು. ಹೆಗಲಿಗೆ ತೊಟ್ಟಿಲ ಹಗ್ಗ, ಕೈಯಲ್ಲಿ ಬಾಯಿಗೆ ಬಾಳೆಲೆ ಕಟ್ಟಿದ ತುಪ್ಪದ ತಂಬಿಗೆ. ಎರಡು ಸೇರು. ಅವರ ಕೊಟ್ಟಿಗೆಯಲ್ಲಿ ಇದ್ದದ್ದು ಎರಡು ಮಲೆನಾಡು ಗಿಡ್ಡ ಹಸುಗಳು. ಹೊತ್ತಿಗೆ ಅರ್ಧ ಲೀಟರ್ ಹಾಲು ಸಿಕ್ಕರೆ ಹೆಚ್ಚು. ಬಾಣಂತಿಗೂ ಬಡಿಸಿ ಇಷ್ಟನ್ನು ಉಳಿಸಬೇಕಾದರೆ ಆ ಮನೆಯವರು ಎಷ್ಟು ದಿನ ಬರೀ ಮಜ್ಜಿಗೆ ಅನ್ನ ಉಂಡಿರಬೇಕು, ಲೆಕ್ಕ ಹಾಕು. ನನ್ನ ಆಯಿ ಬಾಳೆಲೆ ಸರಿಸಿ ಮೂಸಿದಳು. "ಕಮಟು ವಾಸನೆ. ದೀಪಕ್ಕಾದೀತು" ಎಂದಳು. ಅಜ್ಜ ಇನ್ನೂ ಜಗಲಿಯ ಮೇಲೆ ಕುಳಿತಿರಲಿಲ್ಲ. ಹೆಗಲ ಮೇಲಿನ ಟವೆಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದರು. ನಾನು ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದೆ. ಕೇಳಿಸಿತು. ಹಚ್ಚುತ್ತಲೇ ಇದ್ದೆ.

ಅಜ್ಜ ನಕ್ಕರು ಕೂಸೇ. "ಹೌದು ಹೌದು, ದೀಪಕ್ಕೇ ಆಗಲಿ" ಎಂದು ನಕ್ಕರು.

ಅಮ್ಮ ಆ ತುಪ್ಪವನ್ನು ದಿನಾ ಸಂಜೆ ದೀಪಕ್ಕೆ ಹಾಕಿದಳು. ನಾಲ್ಕು ತಿಂಗಳು ಬಂತು. ಬತ್ತಿ ಹೊತ್ತಿಸಿದರೆ ಒಳಗಿನಿಂದ ಜಗಲಿಯವರೆಗೂ ಘಮ ಬರುತ್ತಿತ್ತು. ಅದು ಕಮಟು ತುಪ್ಪ ಆಗಿರಲಿಲ್ಲ. ಆಯಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಳೆಗಾಲದಲ್ಲಿ ಒಂದು ದಿನ ತಂಬಿಗೆ ಖಾಲಿಯಾಯಿತು. ಅವಳು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಬೋರಲು ಹಾಕಿದಳು. ನಾನು ಅಲ್ಲೇ ಇದ್ದೆ. ಆಗಲಾದರೂ ಒಂದು ಮಾತು ಆಡಬಹುದಿತ್ತು. ಆಯಿ ಕೆಟ್ಟವಳಲ್ಲ, ಅವಳನ್ನೂ ಹಾಗೆಯೇ ಅಳೆದು ತೂಗಿ ಒಳಗೆ ಕರೆದುಕೊಂಡಿದ್ದರು. ನನಗೆ ಅಂಥ ನೆಪವೂ ಇಲ್ಲ. ಅಜ್ಜ ತೀರಿಕೊಳ್ಳುವವರೆಗೆ ವರ್ಷಕ್ಕೆರಡು ಸಲ ನಮ್ಮಲ್ಲಿಗೆ ಬರುತ್ತಿದ್ದರು. ಬಾಳೆಹಣ್ಣು ತಂದರು, ಹಲಸಿನ ಹಪ್ಪಳ ತಂದರು. ತುಪ್ಪ ಮಾತ್ರ ಮತ್ತೆ ತರಲಿಲ್ಲ.

ಮೊನ್ನೆ ನಿಮ್ಮ ಬಾಗಿಲಲ್ಲಿ ಅಡಿಕೆ ಹಾಳೆಯನ್ನು ಪೇಪರಿನಲ್ಲಿ ಸುತ್ತಿ ಹಿಡಿದು ನಿಂತಾಗ ನನಗೆ ಅಜ್ಜನದೇ ನೆನಪು. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುವಾಗಲೇ ಇಬ್ಬರು ಅದೇನೆಂದು ಕೇಳಿದ್ದರು. ಧಾರವಾಡದಂಥ ಊರಿಗೆ ಇದನ್ನು ಹೊತ್ತು ತಂದೆನಲ್ಲ ಎಂದು ಸಂಕೋಚವಾಗಿತ್ತು. ನಿನ್ನ ಅತ್ತೆ ಬಿಚ್ಚಿ, ಒಳಮೈ ಸವರಿ ನೋಡಿ, ಎಷ್ಟು ನುಣುಪು ಎಂದರು. ಮರುದಿನ ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕುಳಿತು, ಕಾಲುಗಳ ಮೇಲೆ ಹಾಳೆ ಇಟ್ಟು, ಹಾಳೆಯಲ್ಲಿ ಮಗುವನ್ನು ಮಲಗಿಸಿ ನೀರೆರೆದರು. ಕಾಲ ಮೇಲೆ ಎರೆಯುವುದು ಅವರ ಪದ್ಧತಿ, ಹಾಳೆ ನಮ್ಮದು. ಎರಡನ್ನೂ ಅವರು ಬಿಡಲಿಲ್ಲ.

ಅಮ್ಮನ ಹಳೆಯ ನೂಲಿನ ಸೀರೆಗಳಿದ್ದರೆ ಕಳಿಸಿ ಎಂದು, ಅವರ ಕಡೆ ಕುಬಸ ಎನ್ನುವ ಸೀಮಂತದ ಹೊತ್ತಿಗೇ ಕೇಳಿದ್ದರು. ಯಾಕೆಂದು ನಾನು ಕೇಳಿರಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಅವು ಕೌದಿಯಾಗಿ ಎದುರಿಗೆ ಬಂದವು. ಅಂಚಿನ ಹತ್ತಿರ ಒಂದು ತುಂಡಿನ ಮೇಲೆ ಕಂದು ಕಲೆ. ಅಡಿಕೆ ಬೇಯಿಸುವಾಗ ಸಿಡಿದ ಚೊಗರು, ಎಷ್ಟು ಒಗೆದರೂ ಹೋಗದ್ದು. ಆ ತುಂಡನ್ನು ಕತ್ತರಿಸಿ ಎಸೆಯಬಹುದಿತ್ತು. ಅವರು ಅದರ ಸುತ್ತ ಕೆಂಪು ದಾರದಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ ಹಾಕಿದ್ದರು. ಅದನ್ನು ಮುಟ್ಟಿದ ಮೇಲೆ ಇದನ್ನೆಲ್ಲ ಹೇಗೆ ತೀರಿಸಲಿ ಎಂದು ಗಾಬರಿಯಾಯಿತು. ಲಕೋಟೆ ತೆಗೆದದ್ದು ಆ ಗಾಬರಿಯಲ್ಲಿ.

ಇನ್ನೊಂದು. ನಾನು ನಿನ್ನನ್ನು ಕೂಸೇ ಎಂದು ಕರೆದಾಗಲೆಲ್ಲ ಅತ್ತೆ ತೊಟ್ಟಿಲ ಕಡೆ ನೋಡುತ್ತಿದ್ದರು. ಅಲ್ಲಿ ಕೂಸು ಎಂದರೆ ಎಳೆಮಗು ಮಾತ್ರ. ಹೊರಡುವ ಹಿಂದಿನ ರಾತ್ರಿ ಪಡಸಾಲೆಯಲ್ಲಿ ಮಲಗಿದ್ದೆ. "ಕೂಸೇ, ಹಾಲು ಕುಡಿದೆಯಾ?" ಎಂದು ಅವರು ನಿನ್ನನ್ನು ಕೇಳಿದ್ದು ಕಿವಿಗೆ ಬಿತ್ತು. ಬಹಳ ಹೊತ್ತು ನಿದ್ದೆ ಬರಲಿಲ್ಲ.

ಉಪದೇಶ ಬೇಡ ಎನ್ನುತ್ತೀ, ಆದರೂ ಕೇಳು. ಅಂಟಿನ ಉಂಡೆಯನ್ನು ಅರ್ಧ ತಿಂದು ತಟ್ಟೆಯಲ್ಲಿ ಬಿಡಬೇಡ. ಬೇಡವಾದರೆ ಮೊದಲೇ ಅರ್ಧ ಹಾಕಿಸಿಕೋ. ಅವರು ಬೆಳಿಗ್ಗೆ ನಾಲ್ಕೂವರೆಗೆ ಎದ್ದು ನಿನಗಾಗಿ ನೀರು ಕಾಯಿಸುತ್ತಾರೆ, ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದುಕೊಳ್ಳುತ್ತಾರೆ. ನೀನು ಗಮನಿಸಿದ್ದೀಯೋ ಇಲ್ಲವೋ. "ನಮ್ಮ ಕಡೆ ಹೀಗಲ್ಲ" ಎಂಬ ಮಾತನ್ನು ಕಡಿಮೆ ಮಾಡು. ಹಾಗೆಂದು ಉಪಕಾರದ ಭಾರಕ್ಕೆ ಬಾಯಿ ಕಟ್ಟಿಕೊಂಡೂ ಇರಬೇಡ. ನೋವಾದರೆ ಹೇಳು, ಅವರು ಕೇಳಿಸಿಕೊಳ್ಳುವ ಜನ. ಅಳಿಯಂದಿರು ಒಳ್ಳೆಯವರು, ನನಗೆ ಸಂಶಯವಿಲ್ಲ. ಆದರೆ ಒಳ್ಳೆಯವನೆಂದು ಊರಲ್ಲಿ ನನಗೂ ಹೆಸರಿತ್ತು. ಮಾತಾಡಬೇಕಾದ ಹೊತ್ತಿನಲ್ಲಿ ಅವರು ಸುಮ್ಮನೆ ನಿಂತರೆ ಬಿಡಬೇಡ, ಅವತ್ತೇ ಕೇಳು. ಅಮ್ಮ ನನ್ನನ್ನು ಕೇಳಲಿಲ್ಲ.

ಬಯಲುಸೀಮೆಗೆ ಕೊಡುತ್ತೀಯಾ ಎಂದು ಮದುವೆಯ ಮುಂಚೆ ಎಷ್ಟೋ ಜನ ಕೇಳಿದ್ದರು. ಹೆದರಿಕೆ ನನಗೂ ಇತ್ತು. ಈಗ ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ನಿನ್ನ ಅತ್ತೆ ಮಾವನ ಸುದ್ದಿ ಹೇಳುತ್ತಿದ್ದೇನೆ.

ಈ ಕಾಗದವನ್ನು ಅವರಿಗೆ ಓದಿ ಹೇಳಬೇಡ. ಮುಂದಿನ ಸಲ ಬರುವಾಗ ತುಪ್ಪ ತರಲೇ ಎಂದು ಮಾತ್ರ ಕೇಳಿ ತಿಳಿಸು. ಹಾಳೆ ಒಣಗಿದರೆ ಸೀಳುತ್ತದೆ, ಮಗುವಿನ ಮೈಗೆ ಗೀರುತ್ತದೆ. ದಿನಾ ಎರೆದಾದ ಮೇಲೆ ನೆರಳಲ್ಲಿ ಇಟ್ಟು ಸ್ವಲ್ಪ ನೀರು ಚಿಮುಕಿಸಲು ಹೇಳು. ತೋಟದಲ್ಲಿ ಅಗಲದ್ದು ಇನ್ನೊಂದು ಬಿದ್ದಿದೆ, ತೆಗೆದಿಟ್ಟಿದ್ದೇನೆ.

ನಿನ್ನ ಅಪ್ಪಯ್ಯ