ಚಿಕ್ಕಮ್ಮನ ಕೀಮೋ ನಿಲ್ಲಿಸಬೇಡಿ

ಎನ್‌ಸ್ಕೆಡೆ, ನೆದರ್ಲೆಂಡ್ಸ್
ಭಾನುವಾರ

ಅಪ್ಪಾಜಿಗೆ, ಅಮ್ಮನಿಗೆ ನಮಸ್ಕಾರಗಳು. ಉಭಯ ಕುಶಲೋಪರಿ. ನಾನು ಆರಾಮಾಗಿದ್ದೇನೆ, ಊಟ ನಿದ್ದೆ ಎಲ್ಲ ಸರಿಯಾಗಿದೆ.

ನಿಮ್ಮ ಪತ್ರ ಓದಿದಾಗಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ. ಚಿಕ್ಕಮ್ಮ ಮೂರನೇ ಕೀಮೋ ಆದ ಮೇಲೆ "ಇನ್ನು ಸಾಕು, ನಾನು ಹೋಗೋದಿಲ್ಲ" ಅಂದಿದ್ದಾರೆ. ಯಾರೋ ಮಾರಿದ ಮ್ಯಾಗ್ನೆಟ್ ಬೆಲ್ಟ್ ಕಟ್ಟಿಕೊಂಡಿದ್ದಾರೆ. "ನಮ್ಮ ಸುಮಾ ಅಲ್ಲಿ ಮ್ಯಾಗ್ನೆಟ್‌ನಿಂದಲೇ ಕ್ಯಾನ್ಸರ್ ಹಿಡಿಯುತ್ತಾಳೆ, ಅವಳ ಹತ್ತಿರ ಹೋದರೆ ಎಲ್ಲ ಎಳೆದು ತೆಗೀತಾಳೆ" ಅಂತ ಹಟ ಹಿಡಿದಿದ್ದಾರೆ. ಚಿಕ್ಕಪ್ಪ ಚನ್ನಗಿರಿ ತೋಟಕ್ಕೆ ಗಿರಾಕಿ ನೋಡುತ್ತಿದ್ದಾರೆ. ಅಪ್ಪಾಜಿ, ಈ ಎರಡನ್ನೂ ಮೊದಲು ನಿಲ್ಲಿಸಿ. ತೋಟ ಮಾರುವುದು ಬೇಡ. ಕೀಮೋ ಬಿಡುವುದಂತೂ ಬೇಡವೇ ಬೇಡ.

ಫೋನಿನಲ್ಲಿ ಹೇಳಿದರೆ ಅರ್ಧ ಮಾತು ಅಳುವಿನಲ್ಲೇ ಹೋಗುತ್ತೆ. ಅದಕ್ಕೇ ಬರೆಯುತ್ತಿದ್ದೇನೆ. ಅಂಚೆಗೆ ಕಾಯಬೇಡಿ, ಫೋಟೋ ತೆಗೆದು ಕಿರಣನ ವಾಟ್ಸಾಪಿಗೆ ಇವತ್ತೇ ಹಾಕುತ್ತೇನೆ. ಚಿಕ್ಕಮ್ಮನ ಎದುರು ಕೂತು ಗಟ್ಟಿಯಾಗಿ ಓದಿ.

ಚಿಕ್ಕಮ್ಮಾ, ನಾನು ಹಿಡಿಯುವುದು ಟ್ಯೂಬಿನಲ್ಲಿರುವ ರಕ್ತದಿಂದ. ಮನುಷ್ಯರ ಮೈಯಿಂದ ಅಲ್ಲ. ಇದು ಪರೀಕ್ಷೆ, ಚಿಕಿತ್ಸೆ ಅಲ್ಲ.

ಕ್ಯಾನ್ಸರ್ ಗಡ್ಡೆಯಿಂದ ಕೆಲವು ಜೀವಕೋಶಗಳು ಬಿಡಿಸಿಕೊಂಡು ರಕ್ತಕ್ಕೆ ಬೀಳುತ್ತವೆ. ಇದು ಹೊಸ ಸಂಗತಿಯಲ್ಲ. 1869ರಲ್ಲೇ ಆಸ್ಟ್ರೇಲಿಯಾದ ಡಾಕ್ಟರ್ ಥಾಮಸ್ ಆಶ್ವರ್ತ್, ತೀರಿಕೊಂಡ ರೋಗಿಯೊಬ್ಬರ ರಕ್ತದಲ್ಲಿ ಗಡ್ಡೆಯಲ್ಲಿದ್ದಂಥದೇ ಜೀವಕೋಶಗಳನ್ನು ಕಂಡು ಬರೆದಿಟ್ಟರು. ಕಷ್ಟ ಇರುವುದು ಹುಡುಕುವುದರಲ್ಲಿ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ರಕ್ತಕಣ ಇರುತ್ತವೆ. ಬಿಳಿ ರಕ್ತಕಣಗಳೇ 40 ಲಕ್ಷದಿಂದ ಒಂದು ಕೋಟಿ. ಅದರೊಳಗೆ ಕ್ಯಾನ್ಸರ್ ಜೀವಕೋಶ ಒಂದೋ ಎರಡೋ, ಎಷ್ಟೋ ಸಲ ಒಂದೂ ಇಲ್ಲ.

ಮಾವನ ಹಿಟ್ಟಿನ ಗಿರಣಿಯಲ್ಲಿ ಜೋಳ ಸುರಿಯುವ ಬಾಯಿಗೆ ಮ್ಯಾಗ್ನೆಟ್ ಇಟ್ಟಿದ್ದಾರಲ್ಲ, ಮೊಳೆ ಗಿಳೆ ಬಂದರೆ ಹಿಡಿಯಲಿ ಅಂತ. ಮೊಳೆ ಕಬ್ಬಿಣದ್ದು, ತಾನಾಗಿಯೇ ಅಂಟುತ್ತೆ. ಕ್ಯಾನ್ಸರ್ ಜೀವಕೋಶ ಕಬ್ಬಿಣದ್ದಲ್ಲ. ಅದಕ್ಕೆ ನಾವೇ ಕಬ್ಬಿಣ ಅಂಟಿಸಬೇಕು. ಕಬ್ಬಿಣದ ಆಕ್ಸೈಡಿನ ನ್ಯಾನೋ ಕಣಗಳನ್ನು ಅದಕ್ಕೇ ಮಾಡುವುದು. ತಲೆಗೂದಲಿನ ದಪ್ಪ 80,000 ನ್ಯಾನೋಮೀಟರ್ ಅಂದುಕೊಂಡರೆ ನಮ್ಮ ಕಣ 100ರ ಆಸುಪಾಸು. ಅದರ ಮೈಗೆ ಆ್ಯಂಟಿಬಾಡಿ, ಅಂದರೆ ಒಂದೇ ಗುರುತನ್ನು ಹುಡುಕಿ ಅಂಟಿಕೊಳ್ಳುವ ಪ್ರೋಟೀನ್, ಹಚ್ಚುತ್ತೇವೆ. ಎದೆಯ ಗಡ್ಡೆ, ಕರುಳಿನ ಗಡ್ಡೆಗಳ ಜೀವಕೋಶದ ಮೇಲೆ ಎಪ್‌ಕ್ಯಾಮ್ ಅನ್ನುವ ಪ್ರೋಟೀನ್ ಇರುತ್ತೆ, ರಕ್ತಕಣಗಳ ಮೇಲೆ ಇರುವುದಿಲ್ಲ. ಆ್ಯಂಟಿಬಾಡಿ ಅದನ್ನೇ ಹುಡುಕಿ ಹಿಡಿಯುತ್ತೆ. ಆಮೇಲೆ ಟ್ಯೂಬಿನ ಪಕ್ಕ ಮ್ಯಾಗ್ನೆಟ್ ಇಟ್ಟರೆ ಕಣ ಅಂಟಿದ ಜೀವಕೋಶಗಳು ಗೋಡೆಗೆ ಸರಿಯುತ್ತವೆ, ಮಿಕ್ಕ ರಕ್ತ ತೊಳೆದು ಹೋಗುತ್ತೆ. ಮ್ಯಾಗ್ನೆಟ್ ತೆಗೆದ ಕೂಡಲೇ ಕಣಗಳ ಎಳೆತ ಹೋಗಿಬಿಡುತ್ತೆ, ಒಂದಕ್ಕೊಂದು ಗಂಟು ಕಟ್ಟುವುದಿಲ್ಲ. ಅಷ್ಟು ಚಿಕ್ಕದಾಗಿ ಮಾಡುವುದಕ್ಕೆ ಇದೂ ಒಂದು ಕಾರಣ. ಸಿಕ್ಕಿದ್ದಕ್ಕೆ ಬಣ್ಣ ಹಾಕಿ ನೋಡುತ್ತೇವೆ. ಬಿಳಿ ರಕ್ತಕಣದ ಗುರುತು ಕಂಡರೆ ಬಿಡುತ್ತೇವೆ, ಗಡ್ಡೆಯ ಜೀವಕೋಶದ ಗುರುತು ಕಂಡರೆ ಎಣಿಸುತ್ತೇವೆ.

ಎಣಿಸುತ್ತೇವೆ, ಅಷ್ಟೇ ಚಿಕ್ಕಮ್ಮಾ. 2004ರಲ್ಲಿ 177 ಜನ ಹೆಂಗಸರ ಮೇಲೆ ನಡೆದ ಅಧ್ಯಯನ ಹೊರಬಂತು. ಎಲ್ಲರಿಗೂ ಎದೆಯ ಕ್ಯಾನ್ಸರ್ ಬೇರೆ ಅಂಗಗಳಿಗೂ ಹರಡಿತ್ತು. 7.5 ಮಿಲಿಲೀಟರ್ ರಕ್ತದಲ್ಲಿ ಇಂಥ ಜೀವಕೋಶ ಐದು ಅಥವಾ ಜಾಸ್ತಿ ಇದ್ದವರಿಗೆ ರೋಗ ಬೇಗ ಮುಂದುವರಿಯಿತು ಅಂತ ಗೊತ್ತಾಯಿತು. ಅದೇ ವರ್ಷ ಅಮೆರಿಕದಲ್ಲಿ ಈ ಪರೀಕ್ಷೆಗೆ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು. ಇದನ್ನು ಬೆಳೆಸಿದವರಲ್ಲಿ ಒಬ್ಬರಾದ ಲಿಯಾನ್ ಟೆರ್‌ಸ್ಟಾಪನ್ ನಾನಿರುವ ಈ ಟ್ವೆಂಟೆ ವಿಶ್ವವಿದ್ಯಾಲಯದಲ್ಲೇ ಪ್ರಾಧ್ಯಾಪಕರಾಗಿದ್ದವರು. ಅದು ನನಗೆ ದೊಡ್ಡ ಹೆಮ್ಮೆ. ಆದರೆ ಎಣಿಕೆ ನೋಡಿ ಬೇಗ ಬೇರೆ ಕೀಮೋಗೆ ಬದಲಾಯಿಸಿದರೆ ಆಯಸ್ಸು ಹೆಚ್ಚುತ್ತಾ ಅಂತಲೂ ಅಮೆರಿಕದಲ್ಲಿ ನೋಡಿದರು. 2014ರಲ್ಲಿ ಫಲಿತಾಂಶ ಬಂತು, ಹೆಚ್ಚಲಿಲ್ಲ. ಇನ್ನೊಂದು ತೊಡಕೂ ಇದೆ. ಕೆಲವು ಕ್ಯಾನ್ಸರ್ ಜೀವಕೋಶಗಳು ಎಪ್‌ಕ್ಯಾಮನ್ನೇ ಕಳಚಿಕೊಂಡು ಓಡಾಡುತ್ತವೆ. ಅವು ನಮ್ಮ ಕಣಕ್ಕೆ ಸಿಗುವುದಿಲ್ಲ. ಅವನ್ನೂ ಹಿಡಿಯುವ ಕಣ ಮಾಡುವುದೇ ಈಗ ನನ್ನ ಕೆಲಸ. ನಿಮಗೆ ಈ ಪರೀಕ್ಷೆ ಬೇಕು ಅಂತ ಯಾವ ಡಾಕ್ಟರೂ ಹೇಳಿಲ್ಲ, ನಿಮ್ಮ ರೋಗ ಹರಡಿದೆ ಅಂತಲೂ ಹೇಳಿಲ್ಲ. ಇಲ್ಲಿಗೆ ಬಂದರೆ ನಿಮಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ.

ಕೊಡಬೇಕಾದದ್ದು ದಾವಣಗೆರೆಯಲ್ಲೇ ಇದೆ. ಆಪರೇಷನ್‌ನಲ್ಲಿ ಗಡ್ಡೆ ತೆಗೆದ ಮೇಲೂ ಕಣ್ಣಿಗೆ, ಸ್ಕ್ಯಾನಿಗೆ ಕಾಣದ ಜೀವಕೋಶಗಳು ಎಲ್ಲೋ ಉಳಿದಿರಬಹುದು. ಕೀಮೋ ಕೊಡುವುದೇ ಅದಕ್ಕೆ. ನಾನು ಟ್ಯೂಬಿನಲ್ಲಿ ಹುಡುಕುವಂಥ ಜೀವಕೋಶವನ್ನು ಮೈಯೊಳಗೆ ಹೋಗಿ ಕೊಲ್ಲುವುದು ಕೀಮೋ. ಅರ್ಧಕ್ಕೆ ಬಿಟ್ಟರೆ ಇಲ್ಲಿಯವರೆಗೆ ಪಟ್ಟ ಕಷ್ಟವೂ ವ್ಯರ್ಥವಾಗುತ್ತೆ. ವಾಂತಿಗೆ ಮಾತ್ರೆ ಇದೆ, ಸಾಲದಿದ್ದರೆ ಬದಲಾಯಿಸಿ ಕೊಡಿ ಅಂತ ಡಾಕ್ಟರಿಗೆ ಹೇಳಿ, ಸುಮ್ನೆ ಸಹಿಸಿಕೊಳ್ಳಬೇಡಿ. ಕೂದಲು ಬರುತ್ತೆ ಚಿಕ್ಕಮ್ಮಾ, ಖಂಡಿತ ಬರುತ್ತೆ. ಅಮ್ಮಾ, ನೀನು ಒಂದು ನೆನಪಿಟ್ಟುಕೋ. ಜ್ವರ 100.4 ದಾಟಿದರೆ ರಾತ್ರಿಯಾಗಲಿ ಹಗಲಾಗಲಿ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗು. ಮನೆಯಲ್ಲಿ ಕಷಾಯ ಕೊಟ್ಟು ಕಾಯಬೇಡ. ಕೀಮೋದಿಂದ ಬಿಳಿ ರಕ್ತಕಣ ಕಡಿಮೆಯಾಗಿರುತ್ತೆ, ಸೋಂಕು ತಡೆಯುವ ಶಕ್ತಿ ಇರುವುದಿಲ್ಲ.

ಬೆಲ್ಟಿನ ಮಾತು. ರಕ್ತದಲ್ಲಿ ಕಬ್ಬಿಣ ಇದೆಯಲ್ಲ, ಮ್ಯಾಗ್ನೆಟ್ ಅದನ್ನು ಶುದ್ಧ ಮಾಡುತ್ತೆ ಅಂದನಂತೆ ಮಾರಿದವನು. ಕಬ್ಬಿಣ ಇರುವುದು ನಿಜ. ಆದರೆ ಹಿಮೋಗ್ಲೋಬಿನ್ನಿನ ಕಬ್ಬಿಣ ಮೊಳೆಯ ಹಾಗೆ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ಅಮ್ಮನ ಮಂಡಿಗೆ ಎಂಆರ್‌ಐ ಮಾಡಿಸಿದೆವಲ್ಲ, ಅಂಥ ಯಂತ್ರದ ಮ್ಯಾಗ್ನೆಟ್ಟಿನ ಶಕ್ತಿ ಸಾಮಾನ್ಯವಾಗಿ 1.5 ಟೆಸ್ಲಾ. ಬೆಲ್ಟಿನದು ಅದರ ಮುಂದೆ ಲೆಕ್ಕಕ್ಕೇ ಇಲ್ಲ. ಅದರೊಳಗೆ ಮಲಗಿ ಬಂದ ಅಮ್ಮನ ರಕ್ತಕ್ಕೆ ಏನೂ ಆಗಲಿಲ್ಲ ಅಲ್ವಾ? ದುಡ್ಡು ಹೋದರೆ ಹೋಗಲಿ. ಆದರೆ ಬೆಲ್ಟ್ ನಂಬಿ ಕೀಮೋ ಬಿಡುವ ಹಾಗೆ ಮಾಡಿದ್ದಾನಲ್ಲ, ಅದಕ್ಕೆ ನನಗೆ ತಡೆಯಲಾರದಷ್ಟು ಸಿಟ್ಟಿದೆ.

ಚಿಕ್ಕಪ್ಪಾ, ದುಡ್ಡಿಗೆ ತೋಟ ಮಾರುವ ಮೊದಲು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಸಿಗುತ್ತೆ. ಇನ್ನೊಬ್ಬ ಡಾಕ್ಟರ ಮಾತು ಕೇಳಬೇಕು ಅನ್ನಿಸಿದರೆ ರಿಪೋರ್ಟ್ ಎಲ್ಲ ತೆಗೆದುಕೊಂಡು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಬನ್ನಿ. ಆದರೆ ಇಲ್ಲಿಯ ಕೀಮೋ ತಪ್ಪಿಸಿಕೊಂಡು ಅಲ್ಲ. ಮೇಲಿನ ಖರ್ಚಿಗೆ ನಾನು ಅಪ್ಪಾಜಿ ಖಾತೆಗೆ ಹಾಕುತ್ತೇನೆ, ಬೇಡ ಅನ್ನಬೇಡಿ.

ಅಪ್ಪಾಜಿ, ನೀವು ಈ ಊರಿನ ಬಗ್ಗೆ ಕೇಳಿದ್ದಿರಿ. ಇದೂ ನಮ್ಮೂರಿನ ಹಾಗೇ ಹತ್ತಿ ಬಟ್ಟೆ ಗಿರಣಿಗಳ ಊರು. ಇಲ್ಲೂ ಮುಚ್ಚಿಹೋದವು. ಮಿಲ್ಲಿನ ಕಥೆ ನೀವು ಹೇಳುತ್ತಿದ್ದಿರಲ್ಲ, ಇಲ್ಲಿಯ ವಯಸ್ಸಾದವರೂ ಅದನ್ನೇ ಹೇಳುತ್ತಾರೆ. ದೇಶದಲ್ಲಿ ಜನಕ್ಕಿಂತ ಸೈಕಲ್ಲೇ ಜಾಸ್ತಿ. ಮಳೆ ಬಂದರೂ ಪ್ರೊಫೆಸರುಗಳು ಸೈಕಲ್ಲಿನಲ್ಲೇ ಬರುತ್ತಾರೆ, ನಾನೂ ಕಲಿತೆ. ಬೆಳಗ್ಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಮೇಲೆ ಚಾಕೊಲೇಟ್ ಕಾಳು ಉದುರಿಸಿ ತಿನ್ನುತ್ತಾರೆ, ದೊಡ್ಡವರೂ ಕೂಡ! ನಾನು ಅವಲಕ್ಕಿ ಒಗ್ಗರಣೆ ಹಾಕಿಕೊಳ್ಳುತ್ತೇನೆ. ಚಳಿಗೆ ಒಳ್ಳೆಯ ಕೋಟು ತೆಗೆದುಕೊಂಡಿದ್ದೇನೆ, ಕೆಮ್ಮು ಇಲ್ಲ, ತೂಕ ಇಳಿದಿಲ್ಲ. ನನ್ನ ಚಿಂತೆ ಒಂದಿಷ್ಟೂ ಮಾಡಬೇಡಿ.

ಹರಪನಹಳ್ಳಿ ಸಂಬಂಧದ ವಿಷಯ ಚಿಕ್ಕಮ್ಮನ ಚಿಕಿತ್ಸೆ ಮುಗಿದ ಮೇಲೆ ಮಾತಾಡೋಣ. ಈಗ ಬೇಡ.

ಲ್ಯಾಬಿನಲ್ಲಿ ಸ್ಯಾಂಪಲ್ ಕಾಯುತ್ತಿದೆ, ಹೊರಟೆ. ಚಿಕ್ಕಮ್ಮ ಹೂಂ ಅಂದ ಕೂಡಲೇ ಕಿರಣನ ಕೈಲಿ ಫೋನ್ ಮಾಡಿಸಿ, ಎಷ್ಟು ಹೊತ್ತಾದರೂ ಸರಿ. ಮುಂದಿನ ಕೀಮೋ ತಾರೀಖು ಬರೆದು ಕಳಿಸಿ. ಅಜ್ಜಿಗೆ ನಮಸ್ಕಾರ ಹೇಳಿ.

ಆತುರದಲ್ಲಿ,
ನಿಮ್ಮ ಮಗಳು
ಸುಮಾ