ಲೀಡ್ ಆಡಿಟರ್ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ

ಸದಸ್ಯರ ಗಮನಕ್ಕೆ: ಕಂಪನಿ ಐಎಸ್‌ಒ ಮಾನದಂಡ ಪಾಲಿಸುತ್ತಿದೆಯೇ ಅಂತ ಪರಿಶೀಲಿಸುವ ತಂಡದ ಮುಖ್ಯಸ್ಥರೇ ಲೀಡ್ ಆಡಿಟರ್. ಈ ಕೋರ್ಸಿಗೆ ಐಎಸ್‌ಒ 9001 (ಗುಣಮಟ್ಟ ನಿರ್ವಹಣೆ), 14001 (ಪರಿಸರ ನಿರ್ವಹಣೆ) ಎರಡರಲ್ಲಿ ಯಾವುದು ಮೊದಲು ಅಂತ ಕೇಳುವವರೇ ಹೆಚ್ಚು. ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದರೆ 9001. ಇಟಿಪಿ (ತ್ಯಾಜ್ಯ ನೀರು ಶುದ್ಧೀಕರಣ ಘಟಕ), ಅಪಾಯಕಾರಿ ತ್ಯಾಜ್ಯ, ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್ (ಅನುಮತಿ) ನೋಡಿಕೊಳ್ಳುವವರು ನೇರ 14001 ಹಿಡಿಯಿರಿ.

ಕೋರ್ಸ್ ಸಾಮಾನ್ಯವಾಗಿ 5 ದಿನ, 40 ಗಂಟೆ. ಸಿಕ್ಯೂಐ-ಐಆರ್‌ಸಿಎ ಅಥವಾ ಎಕ್ಸೆಂಪ್ಲರ್ ಗ್ಲೋಬಲ್ ಮಾನ್ಯತೆ ಇದೆಯೇ ಅಂತ, ಮಾನ್ಯತೆ ಕೊಡುವ ಈ ಸಂಸ್ಥೆಗಳ ಜಾಲತಾಣದಲ್ಲೇ ನೋಡಿ. ಬ್ರೋಷರಿನ ಲೋಗೊ ನಂಬಬೇಡಿ. ಕೋರ್ಸ್ ಪಾಸಾದ ಮಾತ್ರಕ್ಕೆ ನೋಂದಾಯಿತ ಆಡಿಟರ್ ಆಗುವುದಿಲ್ಲ. ಅದಕ್ಕೆ ಕೆಲಸದ ಅನುಭವ, ಆಡಿಟ್ ಲಾಗ್ (ಮಾಡಿದ ಆಡಿಟ್‌ಗಳ ದಾಖಲೆ) ಬೇರೆ ಬೇಕು. ಹಾಗಾಗಿ ನಿಮ್ಮ ಕಂಪನಿಯ ಆಂತರಿಕ ಆಡಿಟ್‌ಗಳಲ್ಲಿ ಈಗಿನಿಂದಲೇ ಕೂತು ದಾಖಲೆ ಇಟ್ಟುಕೊಳ್ಳಿ.

ಪರೀಕ್ಷೆಯಲ್ಲಿ ಹೆಚ್ಚಿನವರು ಎಡವುವುದು ನಾನ್‌ಕನ್ಫರ್ಮಿಟಿ (ಮಾನದಂಡಕ್ಕೆ ಹೊಂದದ ಲೋಪ) ಬರೆಯುವಲ್ಲಿ. ‘ಕ್ಯಾಲಿಬ್ರೇಷನ್ ಸರಿಯಿಲ್ಲ’ ಅಂತ ಬರೆದರೆ ಅಂಕ ಸಿಗುವುದು ಕಷ್ಟ. ಯಾವ ಗೇಜ್ (ಅಳತೆ ಉಪಕರಣ), ಅದರ ಕ್ಯಾಲಿಬ್ರೇಷನ್ ಅಂದರೆ ಅಳತೆ ಸರಿಯಿದೆಯೇ ಅನ್ನುವ ಪರೀಕ್ಷೆಯ ಅವಧಿ ಮುಗಿದದ್ದು ಯಾವಾಗ, ಈ ಬಗ್ಗೆ 9001ರ 7.1.5.2ನೇ ಷರತ್ತು ಏನು ಕೇಳುತ್ತದೆ, ಮೂರೂ ಇರಬೇಕು.