ಹಗ್ಗ ತಿರುಗಿಸಿದವರ ಹೆಸರು ಬರೆಸಿದ ಅಜ್ಜಿಗೆ, ಮತ್ತು ಎಲ್ಲರಿಗೂ

ಅಮೆರಿಕದ ಅಟ್ಲಾಂಟದ ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಕಪ್ಪು ಹುಡುಗಿಯರ ಬಾಲ್ಯದ ಸಂಗ್ರಹ ಕಳೆದ ಶನಿವಾರ ಎಲ್ಲರಿಗೂ ತೆರೆಯಿತು. ಫೋಟೊಗಳು, ಮಾರ್ಕ್ಸ್ ಕಾರ್ಡುಗಳು, ಚರ್ಚಿನಲ್ಲಿ ಕೊಡುತ್ತಿದ್ದ ರಟ್ಟಿನ ಬೀಸಣಿಗೆಗಳು, ಗಂಟೆಗಟ್ಟಲೆ ಮಾತಿನ ರೆಕಾರ್ಡಿಂಗ್. ಕೆಲಸ ಶುರು ಮಾಡಿ ನಡೆಸಿದ್ದು ಇಲ್ಲಿನ ಕಪ್ಪು ಹೆಂಗಸರೇ. ನಾನು ಸ್ಕ್ಯಾನ್ ಮಾಡಿಕೊಟ್ಟವಳು. ಆದರೂ ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದಾರೆ. ತಮ್ಮ ಬಾಲ್ಯದ ನೆನಪು ಹಂಚಿಕೊಂಡ ಕಪ್ಪು ಅಜ್ಜಿಯರ ಬಗ್ಗೆ ನೀವೂ ತಿಳಿಯಬೇಕು ಅಂತ ನನಗೆ ಆಸೆ.

ಮೊದಲ ನಮಸ್ಕಾರ ಅವರಿಗೇ. ಜಾರ್ಜಿಯ ರಾಜ್ಯದ ಬೇರೆ ಬೇರೆ ಊರುಗಳಲ್ಲಿ ಬೆಳೆದವರು. ಮನೆಯ ಪೆಟ್ಟಿಗೆ ತೆಗೆದು, ಅಪರಿಚಿತರ ಮುಂದೆ ಇಡೋದು ಸುಲಭ ಅಲ್ಲ. ಶನಿವಾರ ರಾತ್ರಿ ಅಮ್ಮ ಒಲೆ ಮೇಲೆ ಕಬ್ಬಿಣದ ಬಾಚಣಿಗೆ ಕಾಯಿಸಿ ಕೂದಲು ನೀವಿ ನೇರ ಮಾಡುವಾಗ ಕಿವಿ ಮಡಿಸಿ ಹಿಡಿದು ಕೂತಿದ್ದನ್ನು ಹೇಳಿದರು. ಈಸ್ಟರ್ ಹಬ್ಬದ ಫ್ರಾಕಿನ ಬಗ್ಗೆ ಹೇಳಿದರು. ಬಿಳಿಯರ ಶಾಲೆಯಲ್ಲಿ ಬಳಸಿ ಹಳೆಯದಾದ ಪುಸ್ತಕಗಳು ಇವರ ಶಾಲೆಗೆ ಬರುತ್ತಿದ್ದವು. ಹಿಂದೆ ಓದಿದವರ ಹೆಸರುಗಳೇ ಮೊದಲ ಪುಟದಲ್ಲಿ ತುಂಬಿರುತ್ತಿದ್ದವಂತೆ. ತಮ್ಮ ಹೆಸರು ಬರೆಯೋಕೆ ಜಾಗವೇ ಇರುತ್ತಿರಲಿಲ್ಲವಂತೆ.

ಒಬ್ಬ ಅಜ್ಜಿ ಡಬಲ್ ಡಚ್ ಆಟದ ಫೋಟೊ ತಂದಿದ್ದರು. ಇಬ್ಬರು ಎರಡು ಉದ್ದ ಹಗ್ಗ ಎದುರುಬದುರು ತಿರುಗಿಸುತ್ತಾರೆ, ನಡುವೆ ಒಬ್ಬಳು ಹಾರುತ್ತಾಳೆ. ಹಾರುತ್ತಿದ್ದವಳು ಯಾರು ಅಂತ ಹೇಳಿದ ಮೇಲೂ ಅಜ್ಜಿ ಫೋಟೊ ಕೈಬಿಡಲಿಲ್ಲ. "ತಿರುಗಿಸಿದವರ ಹೆಸರೂ ಬರಿ ಮಗಳೇ. ಅವರ ಲಯ ತಪ್ಪಿದರೆ ಯಾರೂ ಹಾರೋಕಾಗಲ್ಲ." ಒಬ್ಬಳ ಹೆಸರು ನೆನಪಾಗಲಿಲ್ಲ. ತಂಗಿಗೆ ಫೋನ್ ಮಾಡಿದರು, ತಂಗಿ ಇನ್ಯಾರಿಗೋ ಮಾಡಿದರು. ಸಂಜೆ ಹೊತ್ತಿಗೆ ಹೆಸರು ಸಿಕ್ಕಿತು. ಆಮೇಲೆ ಫೋಟೊ ವಿವರ ಬರೆಯುವ ನಮ್ಮ ಫಾರಂನಲ್ಲಿ ಅಂಚಿನಲ್ಲಿ ನಿಂತವರಿಗೂ ಒಂದು ಸಾಲು ಬಂತು. ಅಜ್ಜಿ, ಆ ಸಾಲು ನಿಮ್ಮದೇ.

ಇದೆಲ್ಲ ಯಾಕೆ ಮುಖ್ಯ ಅಂದರೆ, ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿಯ ಚರಿತ್ರೆ ಅಂದಕೂಡಲೇ ನಮಗೆ ನೆನಪಾಗೋದು ದೊಡ್ಡವರ ಭಾಷಣ, ಅದರಲ್ಲಿದ್ದ ಹುಡುಗಿಯರಲ್ಲ. 1963ರ ಜುಲೈನಲ್ಲಿ ಇದೇ ಜಾರ್ಜಿಯದ ಅಮೆರಿಕಸ್ ಎಂಬ ಊರಲ್ಲಿ ಕೆಲವು ಹುಡುಗಿಯರು ಸಿನಿಮಾ ಥಿಯೇಟರಿನ ಮುಂಬಾಗಿಲ ಸಾಲಿನಲ್ಲಿ ಟಿಕೆಟ್‌ಗೆ ನಿಂತರು. ಕಪ್ಪು ಜನ ಹಿಂಬಾಗಿಲಿಂದಲೇ ಹೋಗಬೇಕಿದ್ದ ಕಾಲ ಅದು. ಪೊಲೀಸರು ಹಿಡಿದರು. 12ರಿಂದ 15 ವರ್ಷದ ಆಸುಪಾಸಿನ ಸುಮಾರು 15 ಹುಡುಗಿಯರನ್ನು ಲೀಸ್‌ಬರ್ಗ್‌ನ ಹಳೇ ಬಂದೀಖಾನೆಯಲ್ಲಿ ವಾರಗಟ್ಟಲೆ ಕೂಡಿಹಾಕಿದರು. ಮಲಗೋಕೆ ಬರೀ ನೆಲ, ಕೆಟ್ಟುಹೋದ ಕಕ್ಕಸು. ಎಲ್ಲಿದ್ದಾರೆ ಅಂತ ಮನೆಯವರಿಗೆ ಮೊದಮೊದಲು ಗೊತ್ತೇ ಇರಲಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್‌ನಲ್ಲಿ ತಮ್ಮ ಕನಸಿನ ಮಾತಾಡಿದ ಆ ಆಗಸ್ಟ್‌ನಲ್ಲಿ ಈ ಮಕ್ಕಳು ಒಳಗಿದ್ದರು. ಚಳವಳಿಯ ಫೋಟೊಗ್ರಾಫರ್, 21 ವರ್ಷದ ಡ್ಯಾನಿ ಲಯನ್ ಕದ್ದು ಹೋಗಿ, ಕಿಟಕಿ ಕಂಬಿಯ ಆಚೆಯಿಂದ ಫೋಟೊ ತೆಗೆದರು. ಅದು ಅಚ್ಚಾಗಿ ಸುದ್ದಿ ಹರಡಿತು, ಕೊನೆಗೆ ಹುಡುಗಿಯರು ಹೊರಬಂದರು. ಅವರಲ್ಲಿ ಎಷ್ಟೋ ಜನ ದಶಕಗಳ ಕಾಲ ಇದರ ಬಗ್ಗೆ ಬಾಯಿಬಿಡಲಿಲ್ಲ. ಲೀಸ್‌ಬರ್ಗ್‌ನಲ್ಲಿ ಸ್ಮಾರಕ ಫಲಕ ಬಂದದ್ದು 2019ರಲ್ಲಿ. ಇಷ್ಟು ತಡ ಆಗಬಾರದಿತ್ತು ಅಲ್ವಾ?

ನಮ್ಮ ಲೈಬ್ರರಿಯ ಮೇಡಂಗೆ ಎಷ್ಟು ಹೇಳಿದರೂ ಕಡಿಮೆ. ಅಂಟಿನ ಆಲ್ಬಂಗೆ ಕಚ್ಚಿಕೊಂಡ ಫೋಟೊದ ಕೆಳಗೆ ಡೆಂಟಲ್ ಫ್ಲಾಸ್ ನುಸುಳಿಸಿ, ನಿಧಾನವಾಗಿ ಗರಗಸದ ಹಾಗೆ ಎಳೆದು ಬಿಡಿಸೋದನ್ನು ಅವರೇ ಕಲಿಸಿದರು. ಹಿಂಬದಿಯಲ್ಲಿ ಮೆತ್ತನೆ ಪೆನ್ಸಿಲ್ ಬಿಟ್ಟು ಬೇರೇನೂ ತಾಗಿಸಬಾರದು. ಮೂಲ ಫೋಟೊ ಅವತ್ತೇ ಅಜ್ಜಿಯ ಕೈಗೆ ವಾಪಸ್ಸು ಹೋಗಬೇಕು. ಈ ಕೊನೆಯ ನಿಯಮವನ್ನು ಅವರು ಒಂದು ದಿನವೂ ಸಡಿಲಿಸಲಿಲ್ಲ. ಅಜ್ಜಿಯರ ನಂಬಿಕೆ ಗಳಿಸಿದ್ದು ಅದೇ.

ಕನ್ನಡ ಕೂಟದ ಗೆಳತಿಯರಿಗೆ, ರೆಕಾರ್ಡಿಂಗ್ ಇದ್ದ ದಿನಗಳಲ್ಲಿ ಅಜ್ಜಿಯರನ್ನು ಕಾರಿನಲ್ಲಿ ಕರೆತಂದು ಬಿಟ್ಟಿದ್ದಕ್ಕೆ, ಚಿತ್ರಾನ್ನ ಮಾಡಿ ತಂದಿದ್ದಕ್ಕೆ. ಸುಧಾ ಅಕ್ಕ, ನಿಮ್ಮ ನಿಂಬೆ ಉಪ್ಪಿನಕಾಯಿ ಇನ್ನೂ ಕೇಳ್ತಿದ್ದಾರೆ!

ಕೊನೆಯದಾಗಿ ಹಳಿಯಾಳದ ನನ್ನ ಗೆಳತಿಗೆ. ಅವಳು ಸಿದ್ದಿ ಸಮುದಾಯದವಳು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ಬಂದವರ ಪೈಕಿ ಎಷ್ಟೋ ಜನ ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತು ನಮ್ಮ ನಡುವೆ ಇದ್ದಾರೆ. ಅಲ್ಲಿನ ಅಜ್ಜಿಯರ ಬಾಲ್ಯವನ್ನೂ ಹೀಗೇ ದಾಖಲಿಸೋಕೆ ಗೆಳತಿ ನಮ್ಮ ಪ್ರಶ್ನೆಗಳನ್ನು ತರಿಸಿಕೊಂಡು, ಬೇಡದ್ದನ್ನು ಹೊಡೆದುಹಾಕಿ, ತನ್ನದೇ ಪಟ್ಟಿ ಮಾಡಿಕೊಂಡಿದ್ದಾಳೆ. ಕೌದಿ ಹೊಲಿಯುತ್ತಾ ಕೂತ ಅಜ್ಜಿಯರಿಗೆ ಅವಳ ಮೊದಲ ಪ್ರಶ್ನೆ, "ಸಣ್ಣವರಿದ್ದಾಗ ಏನು ಆಟ ಆಡ್ತಿದ್ರಿ?" ಈಗ ಅವಳಿಗೆ ಒಂದು ಸ್ಕ್ಯಾನರ್ ಬೇಕಾಗಿದೆ. ಹಳಿಯಾಳ, ಯಲ್ಲಾಪುರ, ದಾಂಡೇಲಿ ಕಡೆ ಯಾರ ಹತ್ತಿರವಾದರೂ ಇದ್ದು, ಕೆಲವು ವಾರ ಕೊಡೋಕಾದರೆ ದಯವಿಟ್ಟು ನನಗೆ ತಿಳಿಸಿ.